ಯಾರ ಬಳೆ ಅಡವಿಟ್ಟು ಓದಿದೆವು?



ಹೋದ ತಿಂಗಳು ನಮ್ಮ ತಾಲ್ಲೂಕಿನ ಒಂದು ಬಾಲಕರ ಹಾಸ್ಟೆಲ್ಲಿಗೆ ಹೋಗಿದ್ದೆವು. ಹೋದದ್ದು ಬೇರೆ ಕೆಲಸಕ್ಕೆ. ಚಳಿ ಶುರುವಾದರೂ ಹುಡುಗರಿಗೆ ಹೊದಿಕೆ ಬಂದಿಲ್ಲ ಅಂತ ದೂರಿತ್ತು. ನೋಡಿಕೊಂಡು ಬಂದು ಒಂದು ಅರ್ಜಿ ಬರೆಯೋಣ ಅಂತ ಮೂವರು ಹೊರಟಿದ್ದೆವು. ಅಲ್ಲಿ ಹೋಗಿ ನೋಡಿದರೆ ಊಟದ ಹಾಲಿನಲ್ಲಿ ಬ್ಯಾನರು ಕಟ್ಟಿದ್ದಾರೆ: 'ವ್ಯಕ್ತಿತ್ವ ವಿಕಸನ ಮತ್ತು ಯಶಸ್ಸಿನ ಸೂತ್ರಗಳು'. ಹೊದಿಕೆಗೆ ದುಡ್ಡಿಲ್ಲದ ಕಡೆ ಬ್ಯಾನರಿಗೆ ದುಡ್ಡಿತ್ತು. ಕೋಟು ಹಾಕಿದ ತರಬೇತುದಾರರೊಬ್ಬರು ಮೈಕು ಹಿಡಿದು ಓಡಾಡುತ್ತಿದ್ದರು. ಹುಡುಗರು ನೆಲದ ಮೇಲೆ ಸಾಲಾಗಿ ಕೂತಿದ್ದರು. ಅಡುಗೆ ಮನೆಯ ಬಾಗಿಲಲ್ಲಿ ಅಡುಗೆ ಮಾಡುವ ತಾಯಿಯೊಬ್ಬರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತು ಕೇಳುತ್ತಿದ್ದರು. ನಾವೂ ಹಿಂದೆ ಹೋಗಿ ಕೂತೆವು.

ಆ ಮಹನೀಯರು ಚೆನ್ನಾಗಿಯೇ ಮಾತಾಡ್ತಾರೆ. ಸುಳ್ಳು ಹೇಳಬಾರದು, ನಮಗೂ ಅರ್ಧ ಗಂಟೆ ಕಿವಿ ಅಲ್ಲೇ ಅಂಟಿಕೊಂಡಿತ್ತು. ನಿಮ್ಮ ಸೋಲಿಗೆ ನೀವೇ ಕಾರಣ, ನಿಮ್ಮ ಗೆಲುವಿಗೂ ನೀವೇ ಕಾರಣ ಎಂದರು. ಬಡವನಾಗಿ ಹುಟ್ಟುವುದು ತಪ್ಪಲ್ಲ, ಬಡವನಾಗಿ ಸಾಯುವುದು ತಪ್ಪು ಎಂದರು. ಕನ್ನಡಿ ಮುಂದೆ ನಿಂತು ದಿನಾ 'ನಾನು ಗೆಲ್ಲುತ್ತೇನೆ' ಅಂತ ಇಪ್ಪತ್ತು ಸಲ ಹೇಳಿಕೊಳ್ಳಿ ಎಂದರು. (ಆ ಹಾಸ್ಟೆಲ್ಲಿನಲ್ಲಿರುವುದು ಒಂದೇ ಕನ್ನಡಿ, ಅದೂ ಒಡೆದದ್ದು, ಎಪ್ಪತ್ತು ಹುಡುಗರಿಗೆ.) ಆಮೇಲೆ ಏಡಿಯ ಕಥೆ ತೆಗೆದರು. ನೀವೆಲ್ಲ ಕೇಳಿರುತ್ತೀರಿ. ಬಕೆಟ್ಟಿನಲ್ಲಿ ಏಡಿಗಳನ್ನು ಹಾಕಿಟ್ಟರೆ ಮುಚ್ಚಳ ಬೇಕಾಗಿಲ್ಲವಂತೆ. ಒಂದು ಮೇಲೆ ಹತ್ತಿದರೆ ಇನ್ನೊಂದು ಕಾಲು ಹಿಡಿದು ಕೆಳಗೆ ಎಳೆಯುತ್ತದಂತೆ. ಹೇಳಿ ಮುಗಿಸಿ, ಹುಡುಗರನ್ನು ಒಂದು ಸಲ ನೋಡಿ, ನಗುತ್ತಲೇ ಅಂದರು: "ನಿಮ್ಮ ಜನದಲ್ಲಿ ಇದು ಸ್ವಲ್ಪ ಜಾಸ್ತಿ."

ಹತ್ತನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತ. ತುಂಟತನಕ್ಕೆ ಎದ್ದವನಲ್ಲ. ಅವನಿಗೆ ನಿಜವಾಗಲೂ ಗೊತ್ತಾಗಿರಲಿಲ್ಲ.

"ಸಾರ್, ನಾವು ಗದ್ದೇಲಿ ಏಡಿ ಹಿಡೀತೀವಿ. ಅಲ್ಲಿ ಒಂದೊಂದಕ್ಕೂ ಒಂದೊಂದು ಬಿಲ ಇರ್ತದೆ. ಯಾವ್ದೂ ಯಾವ್ದನ್ನೂ ಎಳೆಯಲ್ಲ. ಬಕೆಟ್ಟಿಗೆ ಹಾಕಿದ್ ಮೇಲೇ ಎಳೆಯೋದು. ಬಕೆಟ್ಟಿಗೆ ಹಾಕೋರು ಯಾರು ಸಾರ್?"

ಹುಡುಗರೆಲ್ಲ ನಕ್ಕರು. ತರಬೇತುದಾರರು "ಇದಕ್ಕೇ ನೆಗೆಟಿವ್ ಥಿಂಕಿಂಗ್ ಅನ್ನೋದು, ಕೂತ್ಕೋಪ್ಪ" ಎಂದು ಕೂರಿಸಿದರು. ಅವನು ಕೂತ. ನಾವು ಅವತ್ತಿನಿಂದ ಆ ಪ್ರಶ್ನೆಯನ್ನು ಹೊತ್ತುಕೊಂಡು ತಿರುಗುತ್ತಿದ್ದೇವೆ. ಈ ಲೇಖನ ಆ ಹುಡುಗನಿಗೆ ನಾವು ಕೊಡಬೇಕಾದ ಉತ್ತರ. ಅದರಲ್ಲಿ ಅರ್ಧ ಉತ್ತರ ಆ ಕೋಟಿನ ಮಹನೀಯರಿಗೆ, ಇನ್ನರ್ಧ ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು.

ಇಂಥ ಉಪದೇಶಗಳಲ್ಲಿ ತಪ್ಪದೆ ಬರುವ ಇನ್ನೊಂದು ಕಥೆ ಬೀದಿ ದೀಪದ್ದು. ಯಾರೋ ಮಹಾನುಭಾವರು ಬೀದಿ ದೀಪದ ಕೆಳಗೆ ಕೂತು ಓದಿ ಮೇಲೆ ಬಂದರು ಎನ್ನುತ್ತಾರೆ. ಬಂದಿರಬಹುದು. ಆದರೆ ಬೀದಿ ದೀಪ ಮೊದಲು ಯಾರ ಬೀದಿಗೆ ಬಂತು? ಊರಿನ ಬೀದಿಗೆ ಬಂದ ಎಷ್ಟು ವರ್ಷಕ್ಕೆ ಕೇರಿಗೆ ಬಂತು? ಊರ ದೀಪದ ಕೆಳಗೆ ಪುಸ್ತಕ ಬಿಚ್ಚಿಕೊಂಡು ಕೂತ ಕೇರಿಯ ಹುಡುಗನನ್ನು ಜಗುಲಿ ಮೇಲಿನ ದೊಡ್ಡವರು ಕೂತಿರಲು ಬಿಟ್ಟರೇನು? ಅಷ್ಟಕ್ಕೂ ದೀಪದ ಕಂಬ ತಾನಾಗಿ ನೆಲದಿಂದ ಮೊಳೆಯಲಿಲ್ಲ. ಗುಂಡಿ ತೋಡಿದವನೊಬ್ಬ, ಕಂಬ ಹೊತ್ತವನೊಬ್ಬ. 'ಸ್ವಂತ ಬಲದಿಂದ ಮೇಲೆ ಬಂದವರು' ಎನ್ನುವ ಕಥೆಯಲ್ಲಿ ಕಂಬ ಹೊತ್ತವನ ಹೆಸರನ್ನು ನಾವು ಎಂದೂ ಕೇಳಿಲ್ಲ.

ಈ 'ಸ್ವಂತ ಬಲ' ಎಂಬ ಸರಕು ಎಲ್ಲಿಂದ ಬಂತು ಅಂತ ಸ್ವಲ್ಪ ನೋಡೋಣ. 1859ರಲ್ಲಿ ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬಾತ 'ಸೆಲ್ಫ್ ಹೆಲ್ಪ್' ಎಂಬ ಪುಸ್ತಕ ಬರೆದ. ಇವತ್ತಿನ ಬಸ್‌ಸ್ಟ್ಯಾಂಡ್ ಅಂಗಡಿಗಳಲ್ಲಿ ತೂಗುಬಿಟ್ಟಿರುವ ಯಶಸ್ಸಿನ ಪುಸ್ತಕಗಳಿಗೆಲ್ಲ ಅದೇ ಮುತ್ತಜ್ಜ. ಆ ಪುಸ್ತಕ ಹುಟ್ಟಿದ್ದು ಹೇಗೆಂದು ಸ್ಮೈಲ್ಸನೇ ಮುನ್ನುಡಿಯಲ್ಲಿ ಬರೆದಿದ್ದಾನೆ. ಲೀಡ್ಸ್ ಎಂಬ ಕಾರ್ಖಾನೆ ಊರಿನಲ್ಲಿ ಇಬ್ಬರು ಮೂವರು ಬಡ ಹುಡುಗರು ಚಳಿಗಾಲದ ಸಂಜೆ ಒಟ್ಟು ಸೇರಿ, ಒಬ್ಬನಿಗೆ ಗೊತ್ತಿದ್ದದ್ದನ್ನು ಇನ್ನೊಬ್ಬನಿಗೆ ಹೇಳಿಕೊಡಲು ಶುರುಮಾಡಿದರು. ಸುಮಾರು ನೂರು ಜನ ಆದರು. ಜಾಗ ಸಾಲದೆ, ಹಿಂದೆ ಕಾಲರಾ ಆಸ್ಪತ್ರೆ ಆಗಿದ್ದ, ಯಾರೂ ಬಾಡಿಗೆಗೆ ಬರಲು ಹೆದರುತ್ತಿದ್ದ ಒಂದು ಕೋಣೆ ಹಿಡಿದರು. ಅಲ್ಲಿಗೆ ಬಂದು ನಾಲ್ಕು ಮಾತು ಹೇಳಿ ಅಂತ ಸ್ಮೈಲ್ಸನನ್ನು 1845ರಲ್ಲಿ ಕರೆದರು. ಆ ಮಾತುಗಳೇ ಬೆಳೆದು ಪುಸ್ತಕವಾಯಿತು. ನೋಡಿ ಹೇಗಿದೆ! ಹುಡುಗರು ಮಾಡಿದ್ದು ಒಬ್ಬರಿಗೊಬ್ಬರು ಕಲಿಸುವ ಕೆಲಸ. ಪುಸ್ತಕದ ಹೆಸರಿನಲ್ಲಿ ಉಳಿದದ್ದು 'ತನಗೆ ತಾನೇ'. ಮುಂದೆ 1866ರ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಸ್ಮೈಲ್ಸನೇ ಈ ಹೆಸರಿಗೆ ಪೇಚಾಡಿಕೊಂಡ. ಇದನ್ನು ಸ್ವಾರ್ಥದ ಹೊಗಳಿಕೆ ಅಂತ ಜನ ತಿಳಿದರು, ತನಗೆ ತಾನು ನೆರವಾಗುವುದರಲ್ಲಿ ನೆರೆಯವರಿಗೆ ನೆರವಾಗುವುದೂ ಸೇರಿದೆ ಎಂಬುದು ತನ್ನ ಅರ್ಥ ಎಂದ. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. ಕಾರ್ಖಾನೆ ಮಾಲೀಕರಿಗೆ ಬೇಕಾಗಿದ್ದದ್ದು ಹೆಸರು ಮಾತ್ರ. ಕೂಲಿ ಹೆಚ್ಚು ಕೇಳಬೇಡ, ನಿನ್ನನ್ನು ನೀನೇ ತಿದ್ದಿಕೋ ಅಂತ ಹೇಳಲು ಅವರ ಕೈಗೆ ಒಂದು ಮಂತ್ರ ಸಿಕ್ಕಿತು.

ಅದೇ ಮಂತ್ರ ಇವತ್ತು ನಮ್ಮ ಹಾಸ್ಟೆಲ್ಲಿಗೆ ಬಂದಿದೆ. ಹೊದಿಕೆ ಕೇಳಬೇಡ, ನಿನ್ನ ಆಲೋಚನೆ ಬದಲಾಯಿಸಿಕೋ.

ಎರಡನೆಯ ಸರಕು, 'ಇತರರನ್ನು ಗೌರವಿಸುವ ಕಲೆ'. ಆ ದಿನ ಮಹನೀಯರು ಇದನ್ನೂ ಹೇಳಿದರು. ಎದುರಿಗೆ ಸಿಕ್ಕವರಿಗೆ ನಗುಮುಖ ತೋರಿಸಿ, ಅವರ ಹೆಸರು ನೆನಪಿಟ್ಟುಕೊಂಡು ಕರೆಯಿರಿ, ಅವರಿಗೆ ತಾವು ದೊಡ್ಡವರು ಅನ್ನಿಸುವಂತೆ ಮಾಡಿ, ನಿಮ್ಮ ಕೆಲಸ ಆಗುತ್ತದೆ ಎಂದು. ಇದು ಅವರ ಸ್ವಂತ ಸರಕಲ್ಲ. ಅಮೆರಿಕದ ಡೇಲ್ ಕಾರ್ನೆಗಿ ಎಂಬಾತ ಗೆಳೆಯರನ್ನು ಗಳಿಸುವುದು ಹೇಗೆಂದು 1936ರಲ್ಲಿ ಬರೆದ ಪುಸ್ತಕದ್ದು. ಅದೇ 1936ರಲ್ಲಿ ಇಲ್ಲಿ ಏನಾಯಿತು ಗೊತ್ತೆ? ಲಾಹೋರಿನ ಜಾತ್-ಪಾತ್ ತೋಡಕ್ ಮಂಡಳದವರು ಬಾಬಾಸಾಹೇಬರನ್ನು ಅಧ್ಯಕ್ಷ ಭಾಷಣಕ್ಕೆ ಕರೆದರು. ಭಾಷಣ ಮೊದಲೇ ಓದಿ ಗಾಬರಿಬಿದ್ದು ಕೆಲವು ಮಾತು ತೆಗೆಯಿರಿ ಎಂದರು. ಒಂದು ಅಲ್ಪವಿರಾಮವನ್ನೂ ತೆಗೆಯುವುದಿಲ್ಲ ಎಂದರು ಬಾಬಾಸಾಹೇಬರು. ಸಭೆಯೇ ರದ್ದಾಯಿತು. ಆ ಭಾಷಣವನ್ನು ತಮ್ಮ ಖರ್ಚಿನಲ್ಲಿ ಅಚ್ಚು ಹಾಕಿಸಿದರು. 'ಜಾತಿ ವಿನಾಶ' ನಮ್ಮ ಕೈಗೆ ಬಂದದ್ದು ಹಾಗೆ. ಕಾರ್ನೆಗಿಯ ಸೂತ್ರದಂತೆ ಎದುರಿನವರನ್ನು ಖುಷಿಪಡಿಸಿ ಅಂಬೇಡ್ಕರರೂ ಗೆಳೆಯರನ್ನು ಗಳಿಸಬಹುದಾಗಿತ್ತು. ಗಳಿಸಲಿಲ್ಲ. ಎದುರಿನವನನ್ನು ಮನುಷ್ಯ ಎಂದು ಗೌರವಿಸುವವನು ಅವನಿಗೆ ನಿಜ ಹೇಳುತ್ತಾನೆ.

ಹೆಸರು ನೆನಪಿಟ್ಟುಕೊಳ್ಳಿ ಅಂತ ನಮಗೆ ಪಾಠ! ನಮ್ಮ ತಾತಂದಿರ ಹೆಸರುಗಳನ್ನು ಊರು ಏನು ಮಾಡಿತು? ಕರಿಯಯ್ಯ ಎಂಬ ಹೆಸರಿನ 'ಅಯ್ಯ'ವನ್ನು ಕಿತ್ತುಹಾಕಿ 'ಲೇ ಕರಿಯ' ಎಂದಿತು. ಅರವತ್ತು ವರ್ಷದ ಮುದುಕನನ್ನು ಹತ್ತು ವರ್ಷದ ಯಜಮಾನರ ಮಗ ಏಕವಚನದಲ್ಲಿ ಕೂಗಿದರೆ ಮುದುಕ ತಲೆವಸ್ತ್ರ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ನಿಲ್ಲಬೇಕಾಗಿತ್ತು. ಹುಟ್ಟಿದ ಮಗುವಿಗೆ ಒಳ್ಳೆ ಹೆಸರಿಟ್ಟರೆ 'ಇವನಿಗ್ಯಾಕೋ ಈ ಹೆಸರು' ಅಂತ ನಗೆಯಾಡಿದ ಊರುಗಳು ಇವು. ಗೌರವ ಎಂಬುದು ನಮಗೆ ಕೆಲಸ ಮಾಡಿಸಿಕೊಳ್ಳುವ ಉಪಾಯ ಅಲ್ಲ ಸ್ವಾಮಿ. ಒಂದು 'ಅಯ್ಯ'ಕ್ಕಾಗಿ, ಒಂದು ಬಹುವಚನಕ್ಕಾಗಿ ನಮ್ಮ ಹಿರಿಯರು ಏಟು ತಿಂದಿದ್ದಾರೆ. ಅದನ್ನು ವ್ಯಾಪಾರದ ನಗುಮುಖಕ್ಕೆ ಸಮ ಮಾಡಬೇಡಿ.

ಹಾಗಾದರೆ ನಾವು ಸ್ವಯಂ ಸುಧಾರಣೆಗೆ ವಿರೋಧವೇ? ಅಲ್ಲ. ಸೋಮಾರಿತನವನ್ನು ಬಂಡಾಯ ಎಂದು ಕರೆಯುವವರು ಈ ಲೇಖನವನ್ನು ಜೇಬಿಗೆ ಹಾಕಿಕೊಂಡು ತಿರುಗುವುದು ಬೇಡ. ಓದಬೇಕು, ಕುಡಿತ ಬಿಡಬೇಕು, ಮೈ ಬಟ್ಟೆ ಚೊಕ್ಕಟ ಇರಬೇಕು, ಹೇಳಿದ ಹೊತ್ತಿಗೆ ಹೋಗಬೇಕು. ಇದನ್ನು ನಮಗೆ ಕೋಟಿನವರು ಹೇಳಿಕೊಡಬೇಕಾಗಿಲ್ಲ. 1927ರ ಡಿಸೆಂಬರಿನಲ್ಲಿ, ಮನುಸ್ಮೃತಿ ಸುಟ್ಟ ಆ ಮಹಾಡಿನ ಸಮ್ಮೇಳನದಲ್ಲೇ, ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದ್ದರು. ಜಾತಿ ಗುರುತು ಹಿಡಿಸುವ ಹಾಗೆ ಸೀರೆ ಉಡಬೇಡಿ, ಆ ಭಾರದ ಒಡವೆಗಳನ್ನು ಕಿತ್ತೆಸೆಯಿರಿ, ಸತ್ತ ದನದ ಮಾಂಸ ಮನೆಗೆ ತರಬೇಡಿ, ಗಂಡು ಹೆಣ್ಣು ಎರಡನ್ನೂ ಶಾಲೆಗೆ ಕಳಿಸಿ ಎಂದು. 'ಹೆಂಡ ಬೇಡ, ವಸತಿ ಶಾಲೆ ಬೇಕು' ಎಂದು ನಮ್ಮ ದಲಿತ ಸಂಘರ್ಷ ಸಮಿತಿ ಬೀದಿ ಬೀದಿಯಲ್ಲಿ ಕೂಗಿದ್ದೂ ಸ್ವಯಂ ಸುಧಾರಣೆಯ ಕೂಗೇ. ಆದರೆ ಆ ಕೂಗಿನ ಎರಡು ತುಂಡುಗಳನ್ನು ಗಮನಿಸಿ. 'ಹೆಂಡ ಬೇಡ' ಎಂಬುದು ನಮಗೆ ನಾವು ಹೇಳಿಕೊಂಡದ್ದು. 'ವಸತಿ ಶಾಲೆ ಬೇಕು' ಎಂಬುದು ಸರ್ಕಾರದ ಕೊರಳಪಟ್ಟಿ ಹಿಡಿದು ಕೇಳಿದ್ದು. ಕೋಟಿನ ಮಹನೀಯರು ಮೊದಲ ತುಂಡು ಇಟ್ಟುಕೊಂಡು ಎರಡನೆಯದನ್ನು ಎಸೆದುಬಿಟ್ಟಿದ್ದಾರೆ. ಇನ್ನೊಂದು ಮಾತು. ಮಹಾಡಿನಲ್ಲಿ ತಿದ್ದಿಕೊಳ್ಳಿ ಎಂದು ಹೇಳಿದ್ದು ಇಡೀ ಕೇರಿಗೆ. ಕೇರಿಯಿಂದ ಒಬ್ಬ ತಪ್ಪಿಸಿಕೊಂಡು ಓಡಲಿ ಎಂದು ಹೇಳಿದ್ದಲ್ಲ.

ಈಗ ಆ ಬ್ಯಾನರಿನ ಮೂಲೆಯಲ್ಲಿದ್ದ ಚಿತ್ರಕ್ಕೆ ಬರೋಣ. ಅಲ್ಲಿ ಬಾಬಾಸಾಹೇಬರ ಫೋಟೋ ಹಾಕಿದ್ದರು. ಕೆಳಗೆ ಅವರ ಡಿಗ್ರಿಗಳ ಪಟ್ಟಿ. 'ಒಬ್ಬಂಟಿಯಾಗಿ ಜಗತ್ತನ್ನು ಗೆದ್ದ ಛಲಗಾರ' ಎಂಬ ಒಕ್ಕಣೆ. ಛಲಗಾರ ನಿಜ. ಒಬ್ಬಂಟಿ ಎಂಬುದು ಸುಳ್ಳು. ಈ ಸುಳ್ಳಿಗೆ ನಮ್ಮ ಹುಡುಗರು ಚಪ್ಪಾಳೆ ಹೊಡೆಯುವಾಗ ನಮಗೆ ಹೊಟ್ಟೆ ಕಿವುಚಿದಂತಾಯಿತು.

ಮುಂಬೈನ ಪರೇಲಿನ ಚಾಳಿನಲ್ಲಿ ಒಂದೇ ಕೋಣೆ. ಮಗ ಓದಲು ಜಾಗ ಇಲ್ಲ. ಸಂಜೆಯೇ ಮಗನನ್ನು ಮಲಗಿಸಿ, ತಾನು ರಾತ್ರಿ ಎರಡರವರೆಗೆ ಎಚ್ಚರ ಇದ್ದು, ಆಮೇಲೆ ಮಗನನ್ನು ಎಬ್ಬಿಸಿ ಓದಲು ಕೂರಿಸಿ ತಾನು ಮಲಗುತ್ತಿದ್ದ ಅಪ್ಪ ರಾಮಜಿ ಸಕ್ಪಾಲ್. ಮಗ ಪುಸ್ತಕ ಕೇಳಿದರೆ ದುಡ್ಡಿಲ್ಲ. ಮದುವೆಯಾಗಿ ಹೋಗಿದ್ದ ಹೆಣ್ಣುಮಕ್ಕಳ ಮನೆಗೆ ಹೋಗಿ, ಸಾಲ ಕೇಳಿ, ಇಲ್ಲದಿದ್ದರೆ ಅವರ ಒಡವೆ ಇಸಿದುಕೊಂಡು ಮಾರ್ವಾಡಿ ಅಂಗಡಿಯಲ್ಲಿ ಅಡವಿಟ್ಟು ಪುಸ್ತಕ ತರುತ್ತಿದ್ದರು. ಪಿಂಚಣಿ ಬಂದಾಗ ಬಿಡಿಸಿಕೊಡುತ್ತಿದ್ದರು. ಆ ಅಕ್ಕಂದಿರು ಮಂಜುಳಾ, ತುಳಸಾ. ಎಷ್ಟು ಭಾಷಣಗಳಲ್ಲಿ ನೀವು ಈ ಎರಡು ಹೆಸರು ಕೇಳಿದ್ದೀರಿ? 1907ರಲ್ಲಿ ಮೆಟ್ರಿಕ್ ಪಾಸಾದಾಗ ಬುದ್ಧನ ಚರಿತ್ರೆಯ ಪುಸ್ತಕ ಕೈಗಿಟ್ಟವರು, ಮುಂದೆ ಬರೋಡಾ ಮಹಾರಾಜರ ಬಳಿಗೆ ಕರೆದೊಯ್ದವರು ಕೇಳುಸ್ಕರ್ ಎಂಬ ಮೇಷ್ಟ್ರು. 1913ರಲ್ಲಿ ಅಮೆರಿಕಕ್ಕೆ ಕಳಿಸಿದ್ದು ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ. 1920ರಲ್ಲಿ 'ಮೂಕನಾಯಕ' ಹೊರಡಿಸಲು 2,500 ರೂಪಾಯಿ ಕೊಟ್ಟವರು ಕೊಲ್ಲಾಪುರದ ಶಾಹೂ ಮಹಾರಾಜರು. ಅದೇ ವರ್ಷ ಅರ್ಧಕ್ಕೆ ನಿಂತಿದ್ದ ಓದು ಮುಗಿಸಲು ಲಂಡನ್ನಿಗೆ ಹೊರಟಾಗ ಸಾಲ ಕೊಟ್ಟವನು ನವಲ್ ಭತೇನಾ ಎಂಬ ಪಾರ್ಸಿ ಗೆಳೆಯ.

ಮನೆಯಲ್ಲಿ ಉಳಿದವರು ರಮಾಬಾಯಿ. ಗಂಡ ಸಮುದ್ರದಾಚೆ ಓದುತ್ತಿದ್ದಾಗ ಬೆರಣಿ ತಟ್ಟಿ ಸಂಸಾರ ದೂಡಿದವರು. ಹೆತ್ತ ಐವರಲ್ಲಿ ನಾಲ್ವರನ್ನು ಮಣ್ಣಿಗೆ ಕೊಟ್ಟವರು.

ಆ ತಾಯಿಯ ಕಥೆ ನಮ್ಮ ನೆಲಕ್ಕೂ ಸೇರಿದ್ದು. ಬಾಬಾಸಾಹೇಬರು 1928ರಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿ ನಡೆಸಿದ ಹಾಸ್ಟೆಲ್ಲುಗಳಲ್ಲಿ ಒಂದು ಧಾರವಾಡದ್ದು. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಹಾಸ್ಟೆಲ್ ನೋಡಿಕೊಳ್ಳುತ್ತಿದ್ದವರು ಬಲವಂತರಾವ್ ವರಾಳೆ. ನಮ್ಮ ಜನ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಕಥೆ ಇದು. ರಮಾಬಾಯಿ ಕೆಲವು ದಿನ ಅಲ್ಲಿಗೆ ಬಂದು ವರಾಳೆಯವರ ಮನೆಯಲ್ಲಿದ್ದರು. ಹಾಸ್ಟೆಲ್ ಮಕ್ಕಳು ದಿನಾ ಅಂಗಳದಲ್ಲಿ ಆಡುತ್ತಿದ್ದವು. ಒಂದೆರಡು ದಿನ ಮಕ್ಕಳ ಸದ್ದೇ ಇಲ್ಲ. ಯಾಕೆ ಅಂತ ಕೇಳಿದರೆ ಗ್ರಾಂಟು ಬಂದಿಲ್ಲ, ದಿನಸಿ ಮುಗಿದಿದೆ, ಮಕ್ಕಳು ಹಸಿದು ಕೂತಿವೆ ಎಂಬ ಉತ್ತರ ಬಂತು. ಆ ತಾಯಿ ಒಳಗೆ ಹೋದರು. ಕೈಯಲ್ಲಿದ್ದ ಚಿನ್ನದ ಬಳೆ ಕಳಚಿ ತಂದು, ಅಡವಿಡಿ, ಮಕ್ಕಳಿಗೆ ಊಟ ಹಾಕಿ ಎಂದರು. ವರಾಳೆಯವರು ಹಾಗೇ ಮಾಡಿದರು.

ಅಂಬೇಡ್ಕರ್ ಇದರಿಂದ ಚಿಕ್ಕವರಾದರೆ? ತಮ್ಮ ಓದಿನ ಹಿಂದೆ ಯಾರ ಯಾರ ನಿದ್ದೆ, ಯಾರ ಯಾರ ಒಡವೆ ಇದೆ ಎಂಬುದು ಅವರಿಗೆ ನೆನಪಿತ್ತು. ಪಾಕಿಸ್ತಾನದ ಪ್ರಶ್ನೆ ಕುರಿತು ಬರೆದ ದೊಡ್ಡ ಪುಸ್ತಕವನ್ನು, 1935ರಲ್ಲಿ ತೀರಿಕೊಂಡಿದ್ದ ರಮಾಬಾಯಿಯ ನೆನಪಿಗೆ ಅರ್ಪಿಸಿದರು. ಓದು ಮುಗಿಸಿ ಬಂದವರು ಹೈಕೋರ್ಟಿನ ವಕೀಲಿ ಮಾಡಿಕೊಂಡು ಬಂಗಲೆ ಕಟ್ಟಿ ಸುಮ್ಮನಿರಬಹುದಿತ್ತು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿ, 1925ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆದರು. ಅಕ್ಕಂದಿರ ಒಡವೆಯ ಸಾಲವನ್ನು ಅವರು ತೀರಿಸಿದ್ದು ಹೀಗೆ, ಅಕ್ಕಂದಿರಿಗೆ ಮಾತ್ರವಲ್ಲ, ಯಾರ ಯಾರೋ ಅಕ್ಕಂದಿರ ತಮ್ಮಂದಿರಿಗೆ.

ಆ ಸಾಲ ತೀರಿಸದವರು ಯಾರು? ನಾವು.

1956ರ ಮಾರ್ಚಿನಲ್ಲಿ, ಸಾಯುವ ವರ್ಷ, ಆಗ್ರಾದ ಸಭೆಯಲ್ಲಿ ಬಾಬಾಸಾಹೇಬರು ಕಣ್ಣೀರು ಹಾಕಿಕೊಂಡು ಹೇಳಿದ್ದು ಇದನ್ನೇ. ಓದಿದವರು ತಮ್ಮ ಜನಕ್ಕೆ ಆಸರೆಯಾಗುತ್ತಾರೆ ಅಂದುಕೊಂಡಿದ್ದೆ, ಅವರೇ ನನಗೆ ಮೋಸ ಮಾಡಿದರು, ಹೊಟ್ಟೆ ತುಂಬಿಸಿಕೊಳ್ಳುವ ಗುಮಾಸ್ತರ ದಂಡಾದರು ಎಂಬ ಅರ್ಥದ ಮಾತು. ಆಗ ಓದಿದವರು ಬೆರಳೆಣಿಕೆ. ಈಗ ಸಾವಿರ ಸಾವಿರ. ಮಂಗಳೂರಿನ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಸ್ವಜಾತಿಯಿಂದ ಬಹಿಷ್ಕಾರ ಹಾಕಿಸಿಕೊಂಡು, ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದವರು. ದಲಿತರ ಮಗನೊಬ್ಬ ಓದಿ ದೊಡ್ಡ ಹುದ್ದೆ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು, ಆಗ ಜನ್ಮ ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. ರಾಯರೇ, ಕಾರು ಬಂತು. ಒಂದಲ್ಲ, ನೂರಾರು ಬಂದವು. ಕಾರಿನ ಗಾಜು ಮಾತ್ರ ಮೇಲೇರಿದೆ, ಒಳಗಿರುವವನು ಹೆಸರಿನ ಮುಂದಿನ ಊರಿನ ಅಕ್ಷರ ಬದಲಾಯಿಸಿಕೊಂಡಿದ್ದಾನೆ, ಮಗಳ ಮದುವೆಗೆ ಕೇರಿಯವರಿಗೆ ಪತ್ರಿಕೆ ಕೊಟ್ಟಿಲ್ಲ. ಧೂಳು ಬೀಳುತ್ತಿರುವುದು ನಮ್ಮ ಕೇರಿಯ ಒಲೆಯ ಮೇಲಿನ ಅನ್ನದ ಮೇಲೆ.

ಇಷ್ಟು ಬರೆದು ಅಧಿಕಾರಿಗಳ ಮೇಲೆ ಎಲ್ಲ ಹೇರಿ ಕೈ ತೊಳೆದುಕೊಂಡರೆ ನಾವೂ ಆ ಮಹನೀಯರ ಸಾಲಿಗೇ ಸೇರುತ್ತೇವೆ. ಅದಕ್ಕೇ ನಮ್ಮದೊಂದು ಕಥೆ ಹೇಳಿಬಿಡಬೇಕು. ಎರಡು ವರ್ಷದ ಹಿಂದಿನದು. ನಮ್ಮ ಕಡೆಯ ಹುಡುಗನೊಬ್ಬ ದೊಡ್ಡ ಪರೀಕ್ಷೆ ಪಾಸು ಮಾಡಿ ಹುದ್ದೆ ಹಿಡಿದ. ಸನ್ಮಾನ ಇಟ್ಟುಕೊಂಡವರು ನಾವೇ. ಶಾಮಿಯಾನ ಹಾಕಿಸಿದ್ದು, ಹಾರ ತಂದದ್ದು, ವೇದಿಕೆಯ ಮೇಲೆ ಹನ್ನೆರಡು ಕುರ್ಚಿ ಹಾಕಿಸಿದ್ದು, ಆ ಹನ್ನೆರಡರಲ್ಲಿ ಹನ್ನೊಂದರ ಮೇಲೆ ನಾವು ಗಂಡಸರೇ ಕೂತದ್ದು. ಒಬ್ಬೊಬ್ಬರಾಗಿ ಮಾತಾಡಿದೆವು. 'ಕೇರಿಯಲ್ಲಿ ಅರಳಿದ ಕಮಲ' ಎಂದೆವು. (ಕಮಲ ಅರಳುವುದು ಕೆಸರಿನಲ್ಲಿ. ಹಾಗೆಂದರೆ ನಮ್ಮ ಕೇರಿಯನ್ನು ನಾವೇ ಕೆಸರು ಎಂದೆವು. ಅದೂ ಅವತ್ತು ಹೊಳೆಯಲಿಲ್ಲ.) ಅವನ ಅಕ್ಕ ಶಾಮಿಯಾನದ ಕಂಬ ಹಿಡಿದು ನಿಂತಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕಬ್ಬಿನ ಗದ್ದೆಗೆ ಕೂಲಿಗೆ ಹೋದವಳು. ಅವಳ ಕೂಲಿಯಲ್ಲಿ ತಮ್ಮನ ಫೀಸು ಹೋಗಿದೆ. ಅದು ನಮಗೆಲ್ಲರಿಗೂ ಗೊತ್ತಿತ್ತು. ಒಬ್ಬನಾದರೂ "ಬಾರವ್ವ, ಇಲ್ಲಿ ಕೂರು" ಎನ್ನಲಿಲ್ಲ. ಸಭೆ ಮುಗಿದ ಮೇಲೆ ಅವಳು ನಾವು ಉಂಡ ಎಲೆಗಳನ್ನು ಎತ್ತುತ್ತಿದ್ದಳು. ತಮ್ಮ ನೋಡಿದ. ನಾವೂ ನೋಡಿದೆವು. ಅವನು ತಪ್ಪಿತಸ್ಥನಾದರೆ ನಾವು ಎಷ್ಟು ಪಟ್ಟು?

ಇದು ಒಂದು ದಿನದ ಮಾತಲ್ಲ. ಚಳವಳಿ ಎಂದು ಊರೂರು ತಿರುಗಿದ ನಮ್ಮಲ್ಲಿ ಎಷ್ಟು ಜನರ ಮನೆಯ ಒಲೆ ಹೆಂಡತಿಯ ಕೂಲಿಯಿಂದ ಉರಿದಿದೆ? ಮಧ್ಯರಾತ್ರಿ ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಹೋಗಿ ಬಾಗಿಲು ತಟ್ಟಿದಾಗ ಎದ್ದು ಮುದ್ದೆ ತಿರುವಿದ ಕೈಗಳ ಹೆಸರು ನಮ್ಮ ಯಾವ ಕರಪತ್ರದಲ್ಲಿದೆ? ಸಮಾನತೆಯ ಹಾಡು ಹಾಡುತ್ತಾ ಟೀ ತರುವುದಕ್ಕೆ ಹೆಣ್ಣುಮಕ್ಕಳ ಮುಖ ನೋಡಿದವರು ನಾವು. ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸಿಕೊಳ್ಳಿ. ಗಂಡ ಮಾರಯ್ಯ ಅವತ್ತು ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟೇಕೆ, ಹೋಗಿ ಅಲ್ಲೇ ಸುರಿದು ಬಾ ಎಂದ ಹೆಣ್ಣುಮಗಳು. ಹೆಚ್ಚಾದದ್ದು ಬೇರೆಯವರ ಪಾಲು ಎಂಬುದು ಆ ಮನೆಯಲ್ಲಿ ಅವಳಿಗೆ ಮೊದಲು ತಿಳಿದಿತ್ತು, ಗಂಡನಿಗಲ್ಲ. ಶರಣರ ಹೆಸರಲ್ಲಿ ಮಠ ಕಟ್ಟಿಕೊಂಡವರು ಈ ಕಥೆಯನ್ನು ಪುರಾಣ ಮಾಡಿ ಗೋಡೆಗೆ ಅಂಟಿಸಿದರು, ಅಕ್ಕಿಯನ್ನು ಉಗ್ರಾಣಕ್ಕೆ ಸೇರಿಸಿಕೊಂಡರು. ಅದು ಬೇರೆ ಲೇಖನದ ಮಾತು.

ಹಳ್ಳಿ ಶಾಲೆಗಳ ಮೇಷ್ಟ್ರುಗಳು, ಹಾಸ್ಟೆಲ್ಲುಗಳಲ್ಲಿರುವ ತಮ್ಮಂದಿರು ತಂಗಿಯರು ಈ ಪತ್ರಿಕೆ ಓದುತ್ತೀರಿ. ಹಾಸ್ಟೆಲ್ ಎಂದರೆ ನಮಗೆ ಏನು ಅಂತ ನಿಮಗೆ ನೆನಪಿಸಬೇಕಾಗಿದೆ. 1973ರಲ್ಲಿ ಬಸವಲಿಂಗಪ್ಪನವರು ಆಡಿದ ಒಂದು ಬೂಸಾ ಮಾತಿಗೆ ರಾಜ್ಯವೇ ಹೊತ್ತಿಕೊಂಡಾಗ ಕಲ್ಲು ಬಿದ್ದದ್ದು ಎಲ್ಲಿಗೆ? ನಮ್ಮ ಹುಡುಗರಿದ್ದ ಹಾಸ್ಟೆಲ್ಲುಗಳಿಗೆ. ಏಟು ತಿಂದ ಆ ಹುಡುಗರೇ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಿ ಕೂಡಿದರು. ಸಂಘರ್ಷ ಸಮಿತಿ ಬೆಳೆದದ್ದು ಆ ಕೂಡುವಿಕೆಯಿಂದ. ಅವರ ಕೈಯಲ್ಲಿ ಯಶಸ್ಸಿನ ಸೂತ್ರ ಇರಲಿಲ್ಲ. ಒಬ್ಬನ ಪುಸ್ತಕವನ್ನು ನಾಲ್ವರು ಓದುತ್ತಿದ್ದರು, ಒಬ್ಬನ ಪ್ಯಾಂಟನ್ನು ಇಬ್ಬರು ಹಾಕುತ್ತಿದ್ದರು. ಲೀಡ್ಸಿನ ಆ ಕಾಲರಾ ಕೋಣೆಗೂ ನಮ್ಮ ಹಾಸ್ಟೆಲ್ಲಿನ ಕೋಣೆಗೂ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಇವತ್ತು ಅದೇ ಕೋಣೆಗೆ ಬಂದು, ಪಕ್ಕದ ಚಾಪೆಯವನು ನಿನ್ನ ಕಾಲೆಳೆಯುವ ಏಡಿ ಎಂದು ಹೇಳಿಕೊಡುತ್ತಿದ್ದಾರೆ. ಒಂದು ಸೀಟಿಗೆ ನೂರು ಜನ ಬಡಿದಾಡುವಂತೆ ಮಾಡಿ, ಹಾಗೆ ಮಾಡಿದವರನ್ನು ಬಿಟ್ಟು, ಬಡಿದಾಡುವವರ ಗುಣ ಸರಿಯಿಲ್ಲ ಎನ್ನುವ ಹುನ್ನಾರ ಇದು. ಎಪ್ಪತ್ತು ಹುಡುಗರಿಗೆ ಒಂದು ಕನ್ನಡಿ ಕೊಟ್ಟವರು ಯಾರು ಅಂತ ಕೇಳಿದರೆ ನೆಗೆಟಿವ್ ಥಿಂಕಿಂಗ್ ಆಗುತ್ತದೆ. ಆಗಲಿ. ಆ ಹತ್ತನೇ ಕ್ಲಾಸಿನ ಹುಡುಗ ಇನ್ನೂ ನೂರು ಸಲ ಎದ್ದು ನಿಲ್ಲಲಿ.

ಇನ್ನುಮುಂದೆ ನಾವು ಇಡುವ ಯಾವ ಸನ್ಮಾನದಲ್ಲೂ ಪಾಸಾದವನ ಪಕ್ಕದ ಕುರ್ಚಿ ಅವನನ್ನು ಓದಿಸಿದವರದ್ದು, ಅವ್ವನದ್ದಾಗಲಿ, ಅಕ್ಕನದ್ದಾಗಲಿ, ಕೂಲಿ ಮಾಡಿದ ಅಣ್ಣನದ್ದಾಗಲಿ. ನಾವು ಕೆಳಗೆ ಕೂರುತ್ತೇವೆ. ಎಲೆ ನಾವೇ ಎತ್ತುತ್ತೇವೆ. ಇದನ್ನು ದೊಡ್ಡ ಕ್ರಾಂತಿ ಅಂತ ಯಾರೂ ತಿಳಿಯಬೇಕಾಗಿಲ್ಲ, ಎರಡು ವರ್ಷ ತಡವಾಗಿ ಬಂದ ನಾಚಿಕೆ ಅಷ್ಟೆ. ಕೆಲಸ ಸಿಕ್ಕ ಗೆಳೆಯರು ತಾವು ಓದಿದ ಹಾಸ್ಟೆಲ್ಲಿಗೆ ತಿಂಗಳಿಗೊಂದು ಭಾನುವಾರ ಹೋಗಿ, ಲೆಕ್ಕವೋ ಇಂಗ್ಲಿಷೋ ತಮಗೆ ಬರುವುದನ್ನು ಹೇಳಿಕೊಡಲಿ. ಹಾರ ಬೇಡ, ಬ್ಯಾನರು ಬೇಡ. ಹೋದಾಗ ಹೊದಿಕೆ ಬಂದಿದೆಯಾ ಅಂತ ನೋಡಲಿ, ಬಂದಿಲ್ಲದಿದ್ದರೆ ಅರ್ಜಿಗೆ ತಮ್ಮ ಹುದ್ದೆಯ ಹೆಸರು ಹಾಕಿಯೇ ಸಹಿ ಮಾಡಲಿ. ಅಲ್ಲಿ ಕೈ ನಡುಗುವವರು ಯಾರು ಅಂತ ಆಗ ಗೊತ್ತಾಗುತ್ತದೆ.

ಆ ದಿನದ ಕಥೆ ಮುಗಿಸುತ್ತೇವೆ. ಕಾರ್ಯಕ್ರಮದ ಕೊನೆಗೆ ತರಬೇತುದಾರರು ಒಂದು ಆಟ ಆಡಿಸಿದರು. ನಿಮ್ಮ ಬದುಕಿಗೆ ನೆರವಾದ ಒಬ್ಬರ ಹೆಸರನ್ನು ಚೀಟಿಯಲ್ಲಿ ಬರೆಯಿರಿ ಎಂದರು. ಹುಡುಗರು ಬರೆದರು. ಕೆಲವರು ಅಪ್ಪ ಅವ್ವನ ಹೆಸರು, ಕೆಲವರು ಸಿನಿಮಾ ನಟರ ಹೆಸರು, ಸುಮಾರು ಜನ ವಾರ್ಡನ್ನರ ಹೆಸರು. ವಾರ್ಡನ್ನರು ಪಕ್ಕದಲ್ಲೇ ನಿಂತಿದ್ದರಲ್ಲ. ಏಡಿಯ ಪ್ರಶ್ನೆ ಕೇಳಿದ ಹುಡುಗ ಚೀಟಿ ಖಾಲಿ ಇಟ್ಟುಕೊಂಡು ಎದ್ದು ಅಡುಗೆ ಮನೆಯ ಬಾಗಿಲಿಗೆ ಹೋದ. ಮೂರು ವರ್ಷದಿಂದ ದಿನಾ ಎರಡು ಹೊತ್ತು ಆ ಕೈಯ ಅನ್ನ ಉಂಡವನು. ಎಲ್ಲರೂ 'ಅಡುಗೆಯಕ್ಕ' ಎಂದೇ ಕರೆಯುತ್ತಿದ್ದರು. ಹೊರಗುತ್ತಿಗೆಯ ಕೆಲಸ, ಹಾಜರಿ ಪುಸ್ತಕ 'ಏಜೆನ್ಸಿ'ಯವರ ಹತ್ತಿರ, ಹೆಸರು ಹಾಸ್ಟೆಲ್ಲಿನ ಯಾವ ಗೋಡೆಯ ಮೇಲೂ ಇಲ್ಲ.

"ಅಕ್ಕ, ನಿನ್ ಹೆಸರೇನಕ್ಕ?" ಎಂದ.

ಆ ತಾಯಿ ಅವನ ಕೈಯಲ್ಲಿದ್ದ ಚೀಟಿ ನೋಡಿದರು, ಪೆನ್ನು ನೋಡಿದರು, ಆಚೆ ನಿಂತಿದ್ದ ವಾರ್ಡನ್ನರನ್ನು ನೋಡಿದರು. ಸೆರಗು ಸರಿಮಾಡಿಕೊಂಡರು.

"ಯಾಕಪ್ಪ? ಕೆಲ್ಸದಿಂದ ತೆಗೀತಾರಾ?" ಎಂದರು.

ಅವರಿಗೆ ಸಂಬಳ ಬಂದು ಮೂರು ತಿಂಗಳಾಗಿತ್ತು. ಹೊದಿಕೆಯ ಅರ್ಜಿಯ ಜೊತೆ ಅದನ್ನೂ ಸೇರಿಸಿ ಬರೆದು ಕೊಟ್ಟು ಬಂದಿದ್ದೇವೆ. ಇಷ್ಟು ಬರೆಯುವ ಹೊತ್ತಿಗೆ ಹೊದಿಕೆ ಬಂದಿದೆ. ಸಂಬಳ ಬಂದಿಲ್ಲ.